ಪೆಡಲಿನ ಬೆಲೆ, ನಾದದ ಬೆಲೆ

ಯಂತ್ರದ ದೋಷವೇ ಕಲೆಯ ಗುಣವೆನಿಸಿಕೊಂಡ ಪ್ರಸಂಗಗಳು ಅಪರೂಪವಾದರೂ ಇಲ್ಲದಿಲ್ಲ. ಅಮೆರಿಕದ ನ್ಯಾಷ್‌ವಿಲ್ ನಗರದ ಒಂದು ಧ್ವನಿಮುದ್ರಣ ಶಾಲೆಯಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕರ 'ಡೋಂಟ್ ವರಿ' ಗೀತೆಯನ್ನು ಮುದ್ರಿಸುತ್ತಿದ್ದಾಗ, ಗ್ರೇಡಿ ಮಾರ್ಟಿನ್ ಅವರು ನುಡಿಸುತ್ತಿದ್ದ ಮಂದ್ರ ಗಿಟಾರಿನ ನಾದವನ್ನು ಸಾಗಿಸುತ್ತಿದ್ದ ಉಪಕರಣದ ಒಂದು ಭಾಗ ಕೆಟ್ಟುಹೋಯಿತು. ತಿಳಿಯಾಗಿ ಬರಬೇಕಾದ ನಾದ ಹೆಜ್ಜೇನಿನ ಹಿಂಡಿನಂತೆ ಗುಂಯ್ಗುಟ್ಟತೊಡಗಿತು. ಕೇಳಿದವರು ಅದನ್ನು ಅಳಿಸಿ ಮತ್ತೆ ಮುದ್ರಿಸಲಿಲ್ಲ, ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಗೀತೆ ಹೊರಬಂದು ಜನಪ್ರಿಯವಾಯಿತು. ಅಲ್ಲಿ ಧ್ವನಿತಂತ್ರಜ್ಞರಾಗಿದ್ದ ಗ್ಲೆನ್ ಸ್ನಾಡಿ ಅವರು ಆ ದೋಷವನ್ನೇ ಟ್ರಾನ್ಸಿಸ್ಟರುಗಳಿಂದ ಬೇಕೆಂದೇ ಉಂಟುಮಾಡುವ ವಿದ್ಯುನ್ಮಂಡಲವೊಂದನ್ನು ಕಟ್ಟಿದರು. ಗಿಬ್ಸನ್ ಸಂಸ್ಥೆ 1962ರಲ್ಲಿ ಅದನ್ನು 'ಮೇಸ್ಟ್ರೊ ಫಜ್‌ಟೋನ್' ಎಂಬ ಹೆಸರಿನಿಂದ ಮಾರಾಟಕ್ಕಿಟ್ಟಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ತಮ್ಮ 'ಸ್ಯಾಟಿಸ್‌ಫ್ಯಾಕ್ಷನ್' ಗೀತೆಯಲ್ಲಿ ಅದನ್ನು ಬಳಸಿದ ಮೇಲಂತೂ ಈ ಕೆಟ್ಟ ನಾದ ಜಗತ್ತಿಗೆಲ್ಲ ಬೇಕಾದ ನಾದವಾಯಿತು.

ಗಿಟಾರಿಗೂ ವರ್ಧಕಕ್ಕೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತಿ ನಡೆಸುವುದರಿಂದ ಇಂಥ ಪೆಟ್ಟಿಗೆಗಳಿಗೆ ಪೆಡಲುಗಳೆಂದು ಹೆಸರು. ಇಂದು ಇವು ನೂರಾರು ಬಗೆಯಾಗಿವೆ. ಜಪಾನಿನ ಬಾಸ್ ಸಂಸ್ಥೆ 1978ರಲ್ಲಿ ಹೊರತಂದ 'ಡಿಎಸ್-1' ಎಂಬ ಕಿತ್ತಳೆ ಬಣ್ಣದ ಪೆಡಲು ನೂರು ಡಾಲರಿಗೂ ಕಡಮೆ ಬೆಲೆಯದು. ನಿರ್ವಾಣ ತಂಡದ ಕರ್ಟ್ ಕೊಬೈನ್ ಬಳಸಿದ್ದು ಇದನ್ನೇ. ಇನ್ನೊಂದು ತುದಿಯಲ್ಲಿ, ಬಿಲ್ ಫಿನಿಗನ್ ಎಂಬವರು 1994ರಿಂದ ಸುಮಾರು ಹದಿನೈದು ವರ್ಷ ತಾವೇ ಕೈಯಾರೆ ಜೋಡಿಸಿ ಮಾರಿದ 'ಕ್ಲಾನ್ ಸೆಂಟಾರ್' ಇದೆ. ತಯಾರಾದವು ಸುಮಾರು 8,000 ಮಾತ್ರ. ಒಳಗಿನ ಮಂಡಲ ಯಾರಿಗೂ ಕಾಣದಂತೆ ಅವರು ಅದರ ಮೇಲೆ ಕಪ್ಪು ರಾಳವನ್ನು ಹೊಯ್ದು ಮುಚ್ಚಿದ್ದರು. ತಯಾರಿಕೆ ನಿಂತ ಮೇಲೆ ಕೈಬದಲಾಗುವ ಅವುಗಳ ಬೆಲೆ ಹಲವು ಸಾವಿರ ಡಾಲರುಗಳಿಗೆ ಏರಿತು. 2012ರಲ್ಲಿ ಫಿನಿಗನ್ ಅವರು ಅದೇ ಮಂಡಲವನ್ನು ಅಗ್ಗವಾಗಿ 'ಕೆಟಿಆರ್' ಎಂಬ ಹೆಸರಿನಿಂದ ಹೊರತಂದಾಗ, ಇಷ್ಟೊಂದು ಹಾಸ್ಯಾಸ್ಪದವಾದ ಪ್ರಚಾರವನ್ನು ಹುಟ್ಟಿಸಿದವನು ತಾನಲ್ಲವೆಂಬ ಅರ್ಥದ ಮಾತನ್ನು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿಸಿದರು. ತಯಾರಕನೇ ತನ್ನ ವಸ್ತುವಿನ ಕೀರ್ತಿಗೆ ನಾಚಿಕೊಂಡ ಇಂಥ ಉದಾಹರಣೆ ಬೇರೊಂದಿದೆಯೋ ಇಲ್ಲವೋ ನಾವರಿಯೆವು.

ಗಿಟಾರು ನುಡಿಸುವ ಕಾಲೇಜು ವಿದ್ಯಾರ್ಥಿಗಳು ನಮ್ಮನ್ನು ಒಮ್ಮೊಮ್ಮೆ ಕೇಳುವುದುಂಟು: ಕೈಯಿಂದ ಮಾಡಿದ, ವಿರಳವಾದ, ದುಬಾರಿಯಾದ ಪೆಡಲಿನಿಂದ ಬರುವ ನಾದ ಆ ಬೆಲೆಗೆ ತಕ್ಕುದೆ? ಪ್ರಶ್ನೆಯ ಹಿಂದೆ ಒಂದು ಸಣ್ಣ ವ್ಯಸನವೂ ಇರುತ್ತದೆ. ತನ್ನ ನುಡಿಸಾಣಿಕೆ ತಾನು ಮೆಚ್ಚಿದ ಮುದ್ರಿಕೆಯಂತೆ ಕೇಳದಿರುವುದಕ್ಕೆ ತನ್ನ ಬಳಿ ಆ ಪೆಟ್ಟಿಗೆ ಇಲ್ಲದಿರುವುದೇ ಕಾರಣವೆಂದು ಹುಡುಗ ನಂಬಿರುತ್ತಾನೆ. ಈ ನಂಬಿಕೆಗೆ ಭೌತಶಾಸ್ತ್ರದಲ್ಲಿ ಆಧಾರ ಬಹು ಸ್ವಲ್ಪವೆಂಬುದು ನಮ್ಮ ಅಭಿಪ್ರಾಯ. ಅದೇಕೆಂಬುದನ್ನು ತಿಳಿಯಲು ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನೋಡಬೇಕು.

ಗಿಟಾರಿನ ತಂತಿ ಹುಟ್ಟಿಸುವ ವಿದ್ಯುತ್ಸಂಕೇತ ಬಹಳ ದುರ್ಬಲವಾದುದು. ಪೆಡಲು ಅದನ್ನು ಹಲವು ಪಟ್ಟು ಹಿಗ್ಗಿಸಿ, ಒಂದು ಮಿತಿಗಿಂತ ಮೇಲೆ ಏಳಗೊಡದೆ ತಡೆಯುತ್ತದೆ. ಎಳನೀರಿನ ನೆತ್ತಿಯನ್ನು ಕೆತ್ತಿದಂತೆ ದುಂಡನೆಯ ಅಲೆಯ ಶಿಖರ ಚಪ್ಪಟೆಯಾಗುತ್ತದೆ. ಹೀಗೆ ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದೊಡನೆ ಅದರ ಪೂರ್ಣಾಂಕ ಮಡಿಗಳಾದ ಉಪಸ್ವರಗಳೂ ಕಾಣಿಸಿಕೊಳ್ಳುತ್ತವೆ. ಸೆಕೆಂಡಿಗೆ 110 ಸಲ ಕಂಪಿಸುವ ಒಂದು ಶುದ್ಧ ಸ್ವರವನ್ನು ಮೇಲೆ ಕೆಳಗೆ ಸಮವಾಗಿ ಕತ್ತರಿಸಿದರೆ 330, 550, 770 ಎಂಬ ಬೆಸಮಡಿಗಳು ಹುಟ್ಟುತ್ತವೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಮೆ ಕತ್ತರಿಸಿದರೆ 220, 440 ಎಂಬ ಸಮಮಡಿಗಳೂ ಸೇರುತ್ತವೆ. ಮೂಲಸ್ವರವನ್ನು ಷಡ್ಜವೆಂದು ಭಾವಿಸಿದರೆ 330 ಮೇಲಿನ ಸ್ಥಾಯಿಯ ಪಂಚಮ. 550 ಅದಕ್ಕೂ ಮೇಲಿನ ಸ್ಥಾಯಿಯ ಅಂತರ ಗಾಂಧಾರ.

ಉಪಸ್ವರಗಳಿಂದ ನಾದಕ್ಕೆ ತುಂಬುತನ ಬರುವುದನ್ನು ನಮ್ಮ ವಾಚಕರು ತಂಬೂರಿಯಲ್ಲಿ ಕೇಳಿಯೇ ಇದ್ದಾರೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸುವ 'ಜೀವ'ವೆಂಬ ನೂಲಿನ ಎಳೆ ಮಾಡುವ ಕೆಲಸವೂ ಉಪಸ್ವರಗಳನ್ನು ಎಬ್ಬಿಸುವುದೇ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದಾಗ ಯಾವ ಉಪಸ್ವರ ಹುಟ್ಟಕೂಡದೆಂದು ಹಳೆಯ ನಿಯಮ ಹೇಳುತ್ತಿತ್ತೋ ಅದೇ ಉಪಸ್ವರ ತಂಬೂರಿ ವೀಣೆಗಳಲ್ಲಿ ಬಲವಾಗಿ ಕೇಳಿಬರುವುದನ್ನು ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿ, ಅದಕ್ಕೆ ಕುದುರೆಯ ಬಾಗಿದ ಮೈಯೇ ಕಾರಣವೆಂದು ವಿವರಿಸಿದರು. ಅಲ್ಲಿ ತಂತಿಯೂ ಕುದುರೆಯೂ ಮಾಡುವುದನ್ನು ಇಲ್ಲಿ ವಿದ್ಯುತ್ತು ಮಾಡುತ್ತದೆ, ಅಷ್ಟೆ. ಆದರೆ ಒಂದು ವ್ಯತ್ಯಾಸವುಂಟು. ಎರಡು ಸ್ವರಗಳು ಒಟ್ಟಿಗೆ ಪೆಡಲನ್ನು ಹೊಕ್ಕರೆ ಅವುಗಳ ಮೊತ್ತ, ಅಂತರಗಳ ಸ್ವರಗಳೂ ಹುಟ್ಟುತ್ತವೆ. 220ರ ಷಡ್ಜಕ್ಕೆ 330ರ ಪಂಚಮ ಕೂಡಿದರೆ ಅಂತರವಾದ 110 ಕೆಳಗಿನ ಸ್ಥಾಯಿಯ ಷಡ್ಜವೇ ಆಗಿ ನಾದ ಗಂಭೀರವಾಗುತ್ತದೆ. ಬೇರೆ ಸ್ವರಗಳನ್ನು ಗುಂಪುಗುಂಪಾಗಿ ನುಡಿಸಿದರೆ ಹೊಂದಿಕೆಯಿಲ್ಲದ ಸ್ವರಗಳು ಹುಟ್ಟಿ ನಾದ ಕೆಸರಾಗುತ್ತದೆ. ರಾಕ್ ಸಂಗೀತದ ಗಿಟಾರು ವಾದಕರು ಷಡ್ಜ ಪಂಚಮಗಳ ಜೋಡಿಯನ್ನೇ ಅಷ್ಟಾಗಿ ನೆಚ್ಚಿಕೊಂಡಿರುವುದು ಇದರಿಂದ. ಯಾವ ಸ್ವರಗಳನ್ನು ಕೂಡಿಸಬೇಕು, ತಂತಿಯನ್ನು ಎಷ್ಟು ಬಲವಾಗಿ ಮೀಟಬೇಕು ಎಂಬುದು ಬೆರಳಿಗೆ ಸೇರಿದ ವಿದ್ಯೆ. ಯಾವ ಪೆಡಲೂ ಅದನ್ನು ಕೊಡಲಾರದು.

ಇನ್ನು ಕತ್ತರಿಸುವ ಕತ್ತಿ. ಬಹುತೇಕ ಪೆಡಲುಗಳಲ್ಲಿ ಅದು ಒಂದು ಜೋಡಿ ಡಯೋಡು. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿನಲ್ಲಿ ಸ್ವಲ್ಪ ಥಟ್ಟನೆ ಬಾಗಿಲು ತೆರೆಯುತ್ತದೆ. ಜರ್ಮೇನಿಯಂ ಡಯೋಡು ಸುಮಾರು 0.3 ವೋಲ್ಟಿನಲ್ಲಿಯೇ ಮೆಲ್ಲಮೆಲ್ಲನೆ ತೆರೆಯುತ್ತದೆ. ಕ್ಲಾನ್ ಪೆಡಲಿನಲ್ಲಿರುವುದು ಜರ್ಮೇನಿಯಂ. ಇವೆರಡರ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸವಿರಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ರೇಡಿಯೋಗಳಲ್ಲಿ ಸಾಮಾನ್ಯವಾಗಿದ್ದ ಈ ಡಯೋಡನ್ನು ಬೆಂಗಳೂರಿನ ಎಸ್. ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ ನೋಡಿ. ಒಂದು ಜೋಡಿಗೆ ಹೋಟೆಲಿನ ಒಂದು ಊಟದಷ್ಟೂ ಬೆಲೆಯಾಗದು. ನಾದವನ್ನು ನಿಜವಾಗಿ ಬದಲಿಸುವ ಭಾಗ ಅಗ್ಗವಾಗಿದೆ. ದುಬಾರಿಯಾದ ಭಾಗಗಳನ್ನು ಹುಡುಕುತ್ತ ಹೋದರೆ ಅವು ನಾದಕ್ಕೆ ಸೇರದ ಭಾಗಗಳೇ ಆಗಿರುತ್ತವೆ.

ಐಬನೆಜ್ ಸಂಸ್ಥೆಯ 'ಟ್ಯೂಬ್ ಸ್ಕ್ರೀಮರ್' ಇದಕ್ಕೆ ಒಳ್ಳೆಯ ನಿದರ್ಶನ. 1979ರ ಸುಮಾರಿಗೆ ಬಂದ ಅದರ 'ಟಿಎಸ್808' ಎಂಬ ಹಳೆಯ ಮಾದರಿಗೆ, ಆ ಬಳಿಕ ಬಂದ 'ಟಿಎಸ್9' ಮಾದರಿಗಿಂತ ಎಷ್ಟೋ ಹೆಚ್ಚು ಬೆಲೆ. ಎರಡರ ಮಂಡಲಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಕಾಣುವ ಮುಖ್ಯ ವ್ಯತ್ಯಾಸ ಹೊರದಾರಿಯಲ್ಲಿರುವ ಎರಡು ರೋಧಕಗಳ ಮೌಲ್ಯ ಮಾತ್ರ. ಹಳೆಯ ಪೆಟ್ಟಿಗೆಯ ಮಾಧುರ್ಯವೆಲ್ಲ ಅದರೊಳಗಿನ 4558 ಎಂಬ ಚಿಪ್ಪಿನಲ್ಲಿ ಅಡಗಿದೆಯೆಂದು ನಂಬಿದವರೂ ಇದ್ದಾರೆ. ಲೆಕ್ಕ ಮಾಡಿ ನೋಡೋಣ. ಈ ಮಂಡಲ ಸಂಕೇತವನ್ನು ಹೆಚ್ಚೆಂದರೆ ಸುಮಾರು 118 ಪಟ್ಟು ಹಿಗ್ಗಿಸುತ್ತದೆ. ಅಷ್ಟು ಹಿಗ್ಗಿಸುವಾಗಲೂ ಆ ಚಿಪ್ಪು ಸೆಕೆಂಡಿಗೆ ಸುಮಾರು 25,000 ಕಂಪನಗಳವರೆಗೆ ಸೋಲದೆ ಕೆಲಸ ಮಾಡಬಲ್ಲುದು. ಗಿಟಾರು ವರ್ಧಕದ ಧ್ವನಿವರ್ಧಕಗಳಾದರೋ 5,000 ಕಂಪನಗಳಿಂದ ಮೇಲೆ ಹೇಳಿಕೊಳ್ಳುವಂಥದ್ದನ್ನೇನೂ ಹೊರಡಿಸವು. ಚಿಪ್ಪಿನ ವ್ಯಕ್ತಿತ್ವ ಕಿವಿಗೆ ತಲಪುವುದಾದರೂ ಯಾವ ದಾರಿಯಿಂದ? ('ರ‍್ಯಾಟ್' ಎಂಬ ಪೆಡಲಿನ ಮಾತು ಬೇರೆ. ಅದು ಸಾವಿರಗಳ ಲೆಕ್ಕದಲ್ಲಿ ಹಿಗ್ಗಿಸುವುದರಿಂದ ಅದರ ಚಿಪ್ಪಿನ ನಿಧಾನಗತಿಯೂ ನಾದದ ಒಂದು ಅಂಗವಾಗುತ್ತದೆ.) ಧಾರಕವೊಂದರ ಮೌಲ್ಯ ನೂರಕ್ಕೆ ಹತ್ತರಷ್ಟು ಏರುಪೇರಾದರೆ ಆಗುವ ಬದಲಾವಣೆ, ಪೆಡಲಿನ ಮೇಲಿನ ಗುಂಡಿಯನ್ನು ಒಂದಿಷ್ಟು ತಿರುಗಿಸಿದರೆ ಆಗುವ ಬದಲಾವಣೆಗಿಂತ ಕಡಮೆ. ಗುಂಡಿ ತಿರುಗಿಸುವುದಕ್ಕೆ ಕಾಸು ಬೇಕಾಗಿಲ್ಲ.

ಕೈಕೆಲಸಗಾರನ ಹೆಚ್ಚಿನ ಬೆಲೆ ನಾದದಲ್ಲಿಯೇ ಸಾರ್ಥಕವಾಗುವ ಒಂದು ಸಂದರ್ಭವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆ ಹೊರತಂದ 'ಫಜ್ ಫೇಸ್' ಎಂಬ ಪೆಡಲಿನಲ್ಲಿ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರುಗಳೂ ಬೆರಳೆಣಿಕೆಯ ಇತರ ಭಾಗಗಳೂ ಇದ್ದವು. ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಗುಣ ಒಂದರಂತೆ ಒಂದಿರುತ್ತಿರಲಿಲ್ಲ. ಹಿಗ್ಗಿಸುವ ಶಕ್ತಿಯೂ, ಒಳಗೊಳಗೇ ಸೋರುವ ವಿದ್ಯುತ್ತೂ ಬಿಡಿಬಿಡಿಯಾಗಿ ಬೇರೆಬೇರೆ. ಆದುದರಿಂದ ಒಂದೇ ಹೆಸರಿನ ಎರಡು ಪೆಟ್ಟಿಗೆಗಳಲ್ಲಿ ಒಂದು ಹಾಡುತ್ತಿತ್ತು, ಇನ್ನೊಂದು ಕೆಮ್ಮುತ್ತಿತ್ತು. ರಾಶಿಯಲ್ಲಿ ಒಂದೊಂದನ್ನೂ ಅಳೆದು ಜೊತೆಗೂಡುವ ಎರಡನ್ನು ಆರಿಸುವ ತಯಾರಕನು ನಿಜವಾದ ಶ್ರಮವನ್ನು ಮಾರುತ್ತಾನೆ. ಅದಕ್ಕೆ ಬೆಲೆ ಕೊಡುವುದು ನ್ಯಾಯ. ಆದರೆ ನಮ್ಮ ಸೀಮೆಯವರು ಇನ್ನೊಂದು ಮಾತನ್ನು ನೆನಪಿಡಬೇಕು. ಜರ್ಮೇನಿಯಂನ ಸೋರಿಕೆ ಉಷ್ಣತೆಯು ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಇಮ್ಮಡಿಯಾಗುತ್ತದೆ. ಇಂಗ್ಲೆಂಡಿನ ತಣ್ಣನೆಯ ಕೋಣೆಯಲ್ಲಿ ಹದಗೊಳಿಸಿದ ಅಮೂಲ್ಯ ಪೆಟ್ಟಿಗೆ ಕಲಬುರಗಿಯ ಬೇಸಗೆಯ ಮಧ್ಯಾಹ್ನದಲ್ಲಿ ಅದೇ ನಾದವನ್ನು ಕೊಡುವುದೆಂದು ಯಾರೂ ನಿರೀಕ್ಷಿಸಬಾರದು.

ಗಟ್ಟಿಯಾದ ಪೆಟ್ಟಿಗೆ, ಬೇಗ ಸವೆಯದ ಒತ್ತುಗುಂಡಿ, ಕೆಟ್ಟರೆ ರಿಪೇರಿ ಮಾಡಿಕೊಡುವ ತಯಾರಕ, ಅವನಿಗೆ ಸಲ್ಲಬೇಕಾದ ಕೂಲಿ ಇವೆಲ್ಲ ಬೆಲೆಗೆ ಪ್ರಾಮಾಣಿಕವಾದ ಕಾರಣಗಳೇ. ಅವನ್ನು ಅವುಗಳ ಹೆಸರಿನಿಂದಲೇ ಕರೆಯಬೇಕು, ನಾದವೆಂದು ಕರೆಯಬಾರದೆಂಬುದಷ್ಟೆ ನಮ್ಮ ವಾದ.

"ಲೆಕ್ಕ ಹಾಗಿರಲಿ, ನನ್ನ ಕಿವಿ ವ್ಯತ್ಯಾಸವನ್ನು ಕೇಳುತ್ತದೆಯಲ್ಲ!" ಎಂದು ವಾದಕರು ಹೇಳಬಹುದು. ಕಿವಿ ಕೇಳುವಾಗ ಕಣ್ಣು ಸುಮ್ಮನಿರುವುದಿಲ್ಲವೆಂಬುದೇ ಇಲ್ಲಿರುವ ತೊಡಕು. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕ್ಲೌಡಿಯಾ ಫ್ರಿಟ್ಸ್, ಜೋಸೆಫ್ ಕರ್ಟಿನ್ ಮೊದಲಾದವರು ಇಪ್ಪತ್ತೊಂದು ಮಂದಿ ಪಿಟೀಲು ವಾದಕರಿಗೆ ಕಪ್ಪು ಕನ್ನಡಕ ತೊಡಿಸಿ, ಮೂರು ಹೊಸ ಪಿಟೀಲುಗಳನ್ನೂ ಸ್ಟ್ರಾಡಿವೇರಿ, ಗ್ವಾರ್ನೇರಿ ಎಂಬ ಪ್ರಸಿದ್ಧರು ಮಾಡಿದ ಮೂರು ಹಳೆಯ ಪಿಟೀಲುಗಳನ್ನೂ ನುಡಿಸಲು ಕೊಟ್ಟರು. ಅತ್ಯಂತ ಹೆಚ್ಚು ಮಂದಿ ಮೆಚ್ಚಿದ್ದು ಒಂದು ಹೊಸ ಪಿಟೀಲನ್ನು. ಅತ್ಯಂತ ಕಡಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿ. ಇವರಾರೂ ಕಿವಿಯಿಲ್ಲದವರಲ್ಲ.

ಇನ್ನೊಂದು ಆಕ್ಷೇಪಣೆಯನ್ನು ನಾವು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆವು. ಕ್ಯಾಲಿಫೋರ್ನಿಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ದ್ರಾಕ್ಷಾರಸವನ್ನು 10 ಡಾಲರಿನದೆಂದೂ 90 ಡಾಲರಿನದೆಂದೂ ಹೇಳಿ ಕುಡಿಸಿದಾಗ, ಹೆಚ್ಚಿನ ಬೆಲೆ ಕೇಳಿದವರು ಹೆಚ್ಚು ರುಚಿಯೆಂದರು; ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದ ಮೇಲೆ ದುಬಾರಿ ಪೆಡಲಿನ ಒಡೆಯನ ಸಂತೋಷವೂ ಸುಳ್ಳಲ್ಲ. ಆ ಹುರುಪಿನಲ್ಲಿ ಅವನು ಚೆನ್ನಾಗಿ ನುಡಿಸಿಯಾನು. ಆದರೆ ಸಭೆಯಲ್ಲಿ ಕುಳಿತು ಕೇಳುವವನಿಗೆ ಪೆಟ್ಟಿಗೆಯ ಬೆಲೆ ಗೊತ್ತಿರುವುದಿಲ್ಲ. ಇದೇ ನಂಬಿಕೆಯೇ, ಆ ಪೆಟ್ಟಿಗೆಯನ್ನು ಕೊಳ್ಳಲಾರದ ಹುಡುಗನ ಉತ್ಸಾಹವನ್ನು ಕುಗ್ಗಿಸುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೆ?

ವಾಚಕರು ನಮ್ಮ ಮಾತನ್ನು ನಂಬಬೇಕಾಗಿಲ್ಲ, ಸ್ವತಃ ಪರೀಕ್ಷಿಸಬಹುದು. ಒಂದು ಅಗ್ಗದ ಪೆಡಲನ್ನೂ, ಅದೇ ಬಗೆಯ ಮಂಡಲವುಳ್ಳ ಒಂದು ದುಬಾರಿ ಪೆಡಲನ್ನೂ ಎರವಲು ತನ್ನಿ. ಗುಂಡಿಗಳನ್ನು ತಿರುಗಿಸಿ ಎರಡರ ನಾದವನ್ನೂ ಆದಷ್ಟು ಹತ್ತಿರಕ್ಕೆ ತನ್ನಿ. ಮುಖ್ಯವಾಗಿ ಎರಡರ ಗಟ್ಟಿತನವೂ ಒಂದೇ ಆಗಿರಬೇಕು. ತುಸು ಗಟ್ಟಿಯಾದುದನ್ನು ಕಿವಿ ಮಧುರವೆಂದೇ ತಿಳಿಯುತ್ತದೆ, ಅಂಗಡಿಯಲ್ಲಿ ಮೋಸಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಮೊದಲು ಎರಡನ್ನೂ ಹೆಸರು ತಿಳಿದೇ ಬೇಕಾದಷ್ಟು ಹೊತ್ತು ಕೇಳಿ. ಆಮೇಲೆ ನೀವು ಗೋಡೆಯ ಕಡೆಗೆ ಮುಖಮಾಡಿ ಕುಳಿತುಕೊಳ್ಳಿ. ನಿಮ್ಮ ಮಿತ್ರನು ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕ ಪೆಡಲನ್ನು ಜೋಡಿಸಿ ಒಂದೇ ಪಲುಕನ್ನು ಹತ್ತು ಸಲ ನುಡಿಸಲಿ. ಯಾವುದು ಯಾವುದೆಂದು ನೀವು ಬರೆದಿಡಿ. ಬರಿಯ ಊಹೆಯಿಂದಲೇ ಹತ್ತಕ್ಕೆ ಎಂಟು ಅಥವಾ ಅದಕ್ಕೂ ಹೆಚ್ಚು ಸರಿಯಾಗುವ ಸಂಭವ 1,024ರಲ್ಲಿ 56. ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ 11 ಮಾತ್ರ. ಒಂಬತ್ತನ್ನು ಸರಿಯಾಗಿ ಹೇಳಿ, ದುಬಾರಿಯಾದುದನ್ನೇ ಮೆಚ್ಚಿ, ಕೈಯಲ್ಲಿ ಹಣವೂ ಉಳ್ಳವರು ಅದನ್ನು ಸಂತೋಷವಾಗಿ ಕೊಳ್ಳಲಿ, ನಾವು ಅಡ್ಡಬರುವುದಿಲ್ಲ. ಐದೋ ಆರೋ ಸರಿಯಾದವರು ಎರವಲು ತಂದ ಪೆಟ್ಟಿಗೆಯನ್ನು ಒಡೆಯನಿಗೆ ಹಿಂದಿರುಗಿಸಿ, ಉಳಿದ ಹಣದಲ್ಲಿ ಗಿಟಾರಿಗೆ ಹೊಸ ತಂತಿಗಳನ್ನು ಹಾಕಿಸಬಹುದು.