ಸಾರಸ್‌ನ ಮೂವರು ಮತ್ತು ಒಂದು ತನಿಖಾ ವರದಿ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ‘ಸಾರಸ್’ ಹೊಸ ಹೆಸರೇನಲ್ಲ. ವಿಜ್ಞಾನ–ತಂತ್ರಜ್ಞಾನದ ನೋಟ್ಸ್‌ನಲ್ಲಿ ಅದಕ್ಕೆ ಒಂದು ಸಾಲು ಮೀಸಲು: 14 ಆಸನಗಳ ದೇಶೀಯ ಲಘು ಸಾರಿಗೆ ವಿಮಾನ, ವಿನ್ಯಾಸ ಬೆಂಗಳೂರಿನ ಎನ್‌ಎಎಲ್. ಅಷ್ಟನ್ನು ಬಾಯಿಪಾಠ ಮಾಡಿ ಮುಂದಿನ ಪುಟ ತಿರುಗಿಸುತ್ತೇವೆ. ಆ ಸಾಲಿನೊಳಗೆ ಬರಬೇಕಿದ್ದ ಮೂರು ಹೆಸರುಗಳನ್ನು ನಾನು ಯಾವ ಗೈಡ್‌ನಲ್ಲೂ ನೋಡಿಲ್ಲ. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೊದಲಿಬ್ಬರು ಭಾರತೀಯ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು, ಮೂರನೆಯವರು ಹಾರಾಟ ಪರೀಕ್ಷಾ ಎಂಜಿನಿಯರ್. 2009ರ ಮಾರ್ಚ್ 6, ಶುಕ್ರವಾರ, ಸಾರಸ್‌ನ ಎರಡನೇ ಮಾದರಿ ವಿಮಾನ ಬಿಡದಿ ಹತ್ತಿರದ ಶೇಷಗಿರಿಹಳ್ಳಿಯ ಬಯಲಿಗೆ ಬಿದ್ದು ಹೊತ್ತಿ ಉರಿಯಿತು. ಮೂವರೂ ಉಳಿಯಲಿಲ್ಲ.

ಬಿಡದಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ತಟ್ಟೆ ಇಡ್ಲಿ, ಇಲ್ಲವೇ ವಂಡರ್‌ಲಾಗೆ ಹೋದ ಕಾಲೇಜ್ ಟ್ರಿಪ್ಪು. ಮೈಸೂರು ರಸ್ತೆಯಲ್ಲಿ ದಿನವೂ ಓಡಾಡುವವರಿಗೂ ಆ ಸ್ಥಳದ ನೆನಪು ಮಸುಕಾಗಿದೆ. ಇದರಲ್ಲಿ ಅವರದೇನೂ ತಪ್ಪಿಲ್ಲ. ಯುದ್ಧ ನಡೆದಿರಲಿಲ್ಲ, ಎದುರಿಗೆ ಶತ್ರು ಇರಲಿಲ್ಲ, ಗಡಿ ಎಷ್ಟೋ ದೂರ. ಒಂದು ನಾಗರಿಕ ಬಳಕೆಯ ವಿಮಾನವನ್ನು ಪರೀಕ್ಷಿಸುವಾಗ ಆದ ಸಾವುಗಳಿಗೆ ನಮ್ಮ ಸ್ಮರಣೆಯ ಕ್ಯಾಲೆಂಡರ್‌ನಲ್ಲಿ ಜಾಗವೇ ಇಲ್ಲ.

ಇವರ ಕೆಲಸ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಸಾರಸ್‌ಗೆ ಎರಡು ಎಂಜಿನ್. ಎರಡು ಎಂಜಿನ್‌ನ ವಿಮಾನದಲ್ಲಿ ಜನರನ್ನು ಕೂರಿಸಬೇಕಾದರೆ, ಆಕಾಶದಲ್ಲಿ ಒಂದು ಎಂಜಿನ್ ನಿಂತರೂ ಅದು ಹಾರಬಲ್ಲದು, ನಿಂತ ಎಂಜಿನ್ ಅನ್ನು ಅಲ್ಲೇ ಮತ್ತೆ ಚಾಲೂ ಮಾಡಬಹುದು ಎಂಬುದನ್ನು ತೋರಿಸಿಕೊಡಬೇಕು. ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರೆ ಸಾಲದು. ಯಾರೋ ಮೇಲೆ ಹೋಗಿ, ಚೆನ್ನಾಗಿ ಓಡುತ್ತಿರುವ ಎಂಜಿನ್ ಅನ್ನು ಬೇಕೆಂದೇ ಆರಿಸಿ, ಮತ್ತೆ ಹೊತ್ತಿಸಬೇಕು. ಆ ದಿನ ನಡೆದದ್ದು ಇದೇ ಪರೀಕ್ಷೆ. ವೈಮಾನಿಕ ಭಾಷೆಯಲ್ಲಿ ಇದಕ್ಕೆ ‘ರಿಲೈಟ್’ ಎನ್ನುತ್ತಾರೆ. ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹೊರಟ ವಿಮಾನ ವಾಪಸ್ ಬರಲಿಲ್ಲ.

ಎನ್‌ಎಎಲ್ ನಾಗರಿಕ ಪ್ರಯೋಗಾಲಯ. ಸಾರಸ್ ಹಾರಿಸಿದವರು ಮಾತ್ರ ವಾಯುಪಡೆಯವರು. ಬೆಂಗಳೂರಿನಲ್ಲೇ ವಾಯುಪಡೆಯ ವಿಮಾನ ಮತ್ತು ವ್ಯವಸ್ಥೆಗಳ ಪರೀಕ್ಷಾ ಸಂಸ್ಥೆ ಇದೆ. ಎಎಸ್‌ಟಿಇ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತ. ಪರೀಕ್ಷಾ ಪೈಲಟ್‌ಗಳನ್ನೂ ಹಾರಾಟ ಪರೀಕ್ಷಾ ಎಂಜಿನಿಯರ್‌ಗಳನ್ನೂ ತಯಾರು ಮಾಡುವ ಶಾಲೆ ಇರುವುದೂ ಅಲ್ಲೇ. ಎಫ್‌ಕ್ಯಾಟ್ ಬರೆದು ತಾಂತ್ರಿಕ ವಿಭಾಗಕ್ಕೆ ಸೇರಬೇಕೆನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ, ಎಂಜಿನಿಯರ್ ಆಗಿಯೂ ಪರೀಕ್ಷಾ ವಿಮಾನದಲ್ಲಿ ಕೂತು ಹಾರುವ ಒಂದು ಹುದ್ದೆ ಇದೆ. ಇಳಯರಾಜ ಅವರು ಮಾಡುತ್ತಿದ್ದದ್ದು ಆ ಕೆಲಸ.

ಇನ್ನು ವರದಿಗೆ ಬರೋಣ. ಸೇನಾ ವಿಮಾನ ಬಿದ್ದರೆ ‘ಕೋರ್ಟ್ ಆಫ್ ಇನ್‌ಕ್ವಯರಿ’ ನಡೆಯುತ್ತದೆ, ಅದರ ವರದಿ ಸಾಮಾನ್ಯವಾಗಿ ಇಲಾಖೆಯೊಳಗೇ ಉಳಿಯುತ್ತದೆ. ಸಾರಸ್ ವಿಷಯದಲ್ಲಿ ಹಾಗಾಗಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತನಿಖೆ ಮಾಡಿತು. ಅದರ ತೀರ್ಮಾನ ಸಾರ್ವಜನಿಕವಾಗಿದೆ. ಸಾರಾಂಶ ಹೀಗಿದೆ: ಎಂಜಿನ್ ಮತ್ತೆ ಹೊತ್ತಿಸಲು ವಿನ್ಯಾಸಕರು ರೂಪಿಸಿದ್ದ ಕ್ರಮವೇ ತಪ್ಪಾಗಿತ್ತು. ಅದನ್ನು ಸಿಬ್ಬಂದಿ ಸಾಕಷ್ಟು ಎತ್ತರವಿಲ್ಲದ ಕಡೆ ಅನುಸರಿಸಿದರು. ವಿಮಾನ ವೇಗವಾಗಿ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿತು. ಇವಲ್ಲದೆ ಪೂರಕ ಕಾರಣಗಳನ್ನೂ ವರದಿ ಹೆಸರಿಸಿದೆ. ಅದರಲ್ಲಿ ಒಂದು, ರಿಲೈಟ್ ಕ್ರಮವನ್ನು ರೂಪಿಸುವಾಗ ಪ್ರೊಪೆಲ್ಲರ್ ತಯಾರಕರನ್ನು ಎನ್‌ಎಎಲ್ ಕೇಳಿರಲಿಲ್ಲ ಎಂಬುದು.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಎಂಜಿನ್ ಆರಿದಾಗ ಪ್ರೊಪೆಲ್ಲರ್‌ನ ಗತಿ ಏನು? ಅದರ ಅಲಗುಗಳನ್ನು ಗಾಳಿ ಸೀಳಿಕೊಂಡು ಹೋಗುವಂತೆ ಅಂಚಿಗೆ ತಿರುಗಿಸಿ ಇಡಬೇಕು. ಅದನ್ನು ‘ಫೆದರ್’ ಮಾಡುವುದು ಎನ್ನುತ್ತಾರೆ. ಹಾಗೆ ಇಡದಿದ್ದರೆ ಎದುರಿನಿಂದ ಬರುವ ಗಾಳಿಯೇ ಪ್ರೊಪೆಲ್ಲರ್ ಅನ್ನು ತಿರುಗಿಸುತ್ತದೆ. ಅದು ಮುಂದೆ ತಳ್ಳುವ ಬದಲು ಹಿಂದಕ್ಕೆ ಹಿಡಿದು ಎಳೆಯುತ್ತದೆ. ಓಡುವ ಬೈಕಿನಲ್ಲಿ ಹಿಂದೆ ಕೂತವರು ಮಡಚಿದ ಕೊಡೆ ಹಿಡಿದಿದ್ದರೆ ಏನೂ ಆಗುವುದಿಲ್ಲ. ಅದೇ ಕೊಡೆಯನ್ನು ಒಂದು ಪಕ್ಕಕ್ಕೆ ಬಿಚ್ಚಿ ಹಿಡಿದರೆ ಬೈಕು ನಿಧಾನವಾಗುವುದಷ್ಟೇ ಅಲ್ಲ, ಒಂದು ಕಡೆಗೆ ಎಳೆಯುತ್ತದೆ ಕೂಡ. ಹಾಗಾಗಿ ಎಂಜಿನ್ ಮತ್ತೆ ಹೊತ್ತಿಸುವಾಗ ಅಲಗುಗಳು ಯಾವ ಕ್ಷಣದಲ್ಲಿ ಯಾವ ಕೋನದಲ್ಲಿ ಇರಬೇಕು ಎಂಬುದು ಚಿಕ್ಕ ವಿವರವಲ್ಲ. ಅದನ್ನು ಚೆನ್ನಾಗಿ ಬಲ್ಲವರು ಅದನ್ನು ತಯಾರಿಸಿದವರು. ಅವರಿಗೆ ಒಂದು ಪತ್ರ, ಒಂದು ಫೋನ್ ಕರೆ, ಒಂದು ಸಭೆ. ಇಷ್ಟನ್ನು ಬರೆದುಬಿಡುವುದು ಸುಲಭ ಎಂದು ನನಗೂ ಗೊತ್ತು. ಆದರೆ ವರದಿಯ ಆ ವಾಕ್ಯ ಓದಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಕಾಕ್‌ಪಿಟ್ ಅಲ್ಲ, ನೆಲದ ಮೇಲಿನ ಒಂದು ಮೇಜು, ಅದರ ಮೇಲಿದ್ದ ಒಂದು ಕಾಗದ.

ವರದಿ ಅಲ್ಲಿಗೇ ನಿಂತಿದ್ದರೆ ಶ್ರದ್ಧಾಂಜಲಿ ಬರೆಯುವುದು ಸುಲಭವಾಗುತ್ತಿತ್ತು. ಅದು ಇನ್ನೂ ಮುಂದೆ ಹೋಗುತ್ತದೆ. ಸಿಬ್ಬಂದಿಯ ನಡುವೆ ಹೊಂದಾಣಿಕೆಯ ಕೊರತೆ, ನಿಯಂತ್ರಣಗಳನ್ನು ನಿರ್ವಹಿಸಿದ ರೀತಿ, ಮೊದಲ ಪ್ರಯತ್ನ ವಿಫಲವಾದ ಮೇಲೆ ನೆಲದ ಮೇಲಿದ್ದ ಪರೀಕ್ಷಾ ನಿರ್ದೇಶಕರ ಜತೆ ಮಾತಾಡಿಕೊಂಡು ಹಾರಾಟ ಕೈಬಿಡದೇ ಹೋದದ್ದು. ಇವನ್ನೂ ಪೂರಕ ಕಾರಣಗಳ ಪಟ್ಟಿಯಲ್ಲಿ ಸೇರಿಸಿದೆ. ಅಂದರೆ ನಾವು ನೆನೆಯಬೇಕೆಂದಿರುವ ಮೂವರ ಬಗ್ಗೆಯೇ ಆಕ್ಷೇಪಗಳಿವೆ. ಈಗೇನು ಮಾಡುವುದು?

ಎರಡು ದಾರಿ ನಮಗೆ ಅಭ್ಯಾಸವಾಗಿವೆ. ಒಂದು, ‘ಹುತಾತ್ಮರು’ ಎಂದು ಕರೆದು, ಹೂ ಏರಿಸಿ, ವರದಿಯನ್ನು ಮುಚ್ಚಿಡುವುದು. ಆ ಪದದ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಹೇಳಿದ ಕೂಡಲೇ ‘ಯಾಕೆ ಸತ್ತರು?’ ಎಂಬ ಪ್ರಶ್ನೆ ಕೇಳುವುದೇ ಅಪಚಾರ ಎಂಬಂತಾಗುತ್ತದೆ. ಎರಡನೆಯದು, ‘ಪೈಲಟ್ ತಪ್ಪು’ ಎಂದು ಷರಾ ಬರೆದು ಕೈ ತೊಳೆದುಕೊಳ್ಳುವುದು. ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ! ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ಬಗೆಯ ಮರೆವು. ಡಿಜಿಸಿಎ ಹೇಳಿದ್ದನ್ನು ಅದೇ ಕ್ರಮದಲ್ಲಿ ಓದಿದರೆ ಚಿತ್ರ ಬೇರೆ. ಮೊದಲ ಸ್ಥಾನದಲ್ಲಿ ಇರುವುದು ತಪ್ಪು ಕ್ರಮ, ಅದನ್ನು ಬರೆದದ್ದು ನೆಲದ ಮೇಲೆ. ಆಮೇಲಿನದೆಲ್ಲ ಆ ತಪ್ಪು ಕ್ರಮವನ್ನು ಕೈಯಲ್ಲಿ ಹಿಡಿದು, ಎತ್ತರ ಕಳೆದುಕೊಳ್ಳುತ್ತಿದ್ದ ವಿಮಾನದೊಳಗೆ ಕೂತವರು ಮಾಡಿದ್ದು, ಮಾಡದೇ ಉಳಿದದ್ದು. ಅವರ ತೀರ್ಮಾನಗಳನ್ನು ಪ್ರಶ್ನಿಸಬಾರದು ಎಂದಲ್ಲ. ಆದರೆ ಪ್ರಶ್ನೆ ಅಲ್ಲಿಂದ ಶುರುವಾಗಬಾರದು.

ನೀಲಗಿರಿಯ ಉದಾಹರಣೆ ನೋಡಿ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಎಂಐ-17ವಿ5 ಹೆಲಿಕಾಪ್ಟರ್ ಬಿದ್ದು ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿದಂತೆ 14 ಜನ ತೀರಿಕೊಂಡರು. ಕೊನೆಯವರಾಗಿ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಡಿಸೆಂಬರ್ 15ರಂದು ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಪ್ರತಿ ವರ್ಷ ಆ ದಿನ ನಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ರಾವತ್ ಅವರ ಚಿತ್ರ ಬರುತ್ತದೆ, ಬರಬೇಕಾದದ್ದೇ. ಹೆಲಿಕಾಪ್ಟರ್ ನಡೆಸುತ್ತಿದ್ದ ವಿಂಗ್ ಕಮಾಂಡರ್ ಪೃಥ್ವಿ ಸಿಂಗ್ ಚೌಹಾಣ್ ಮತ್ತು ಅವರ ಸಿಬ್ಬಂದಿಯ ಚಿತ್ರ ಹಾಕಿದವರನ್ನು ನಾನು ನೋಡಿಲ್ಲ. ವಾಯುಪಡೆ 2022ರ ಜನವರಿಯಲ್ಲಿ ಪ್ರಾಥಮಿಕ ತೀರ್ಮಾನ ಹೇಳಿತು. ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಮೋಡದೊಳಗೆ ಹೊಕ್ಕಾಗ ಪೈಲಟ್‌ಗೆ ದಿಕ್ಕು–ಸ್ಥಿತಿಯ ಅರಿವು ತಪ್ಪಿತು, ಹೆಲಿಕಾಪ್ಟರ್ ನೆಲಕ್ಕೆ ಅಪ್ಪಳಿಸಿತು ಎಂದು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿ ಬಂತು. 2017ರಿಂದ 2022ರವರೆಗೆ ವಾಯುಪಡೆಯಲ್ಲಿ 34 ಅಪಘಾತಗಳಾದವು ಎಂದ ಆ ವರದಿಯಲ್ಲಿ, ಕೂನೂರು ಅಪಘಾತದ ಮುಂದೆ ಇದ್ದ ಕಾರಣ ‘ಮಾನವ ಲೋಪ, ವಿಮಾನ ಸಿಬ್ಬಂದಿ’. ಪತ್ರಿಕೆಗಳ ಶೀರ್ಷಿಕೆಗೆ ಅಷ್ಟು ಸಾಕಾಯಿತು. ಪೂರ್ತಿ ವರದಿ ಇಲ್ಲದ ಕಡೆ ಎರಡು ಪದಗಳೇ ಒಬ್ಬ ಮನುಷ್ಯನ ಕೊನೆಯ ಪರಿಚಯವಾಗಿ ಉಳಿಯುತ್ತವೆ.

ಬೆಂಗಳೂರಿನದೇ ಇನ್ನೊಂದು ದಿನಾಂಕವೂ ಇದೆ. 2019ರ ಫೆಬ್ರುವರಿ 1. ಎಚ್‌ಎಎಲ್ ಮೇಲ್ದರ್ಜೆಗೇರಿಸಿದ್ದ ಮಿರಾಜ್-2000 ವಿಮಾನವನ್ನು ವಾಯುಪಡೆ ಸ್ವೀಕರಿಸುವ ಮುಂಚೆ ಹಾರಿಸಿ ನೋಡುತ್ತಿದ್ದ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಎಚ್‌ಎಎಲ್ ನಿಲ್ದಾಣದಲ್ಲಿ ಆದ ಅಪಘಾತದಲ್ಲಿ ಸತ್ತರು. ಅವರೂ ಎಎಸ್‌ಟಿಇಯವರು. ಅದು ಸೇನಾ ವಿಮಾನ. ಸಾರಸ್ ಬಗ್ಗೆ ಓದಿದ ಹಾಗೆ ಇದರ ಬಗ್ಗೆ ಓದಲು ನಮ್ಮಂಥವರ ಕೈಗೆ ವರದಿ ಸಿಗುವುದಿಲ್ಲ. ಶಸ್ತ್ರಾಸ್ತ್ರ, ರಹಸ್ಯ ತಂತ್ರಜ್ಞಾನದ ವಿವರ ಮುಚ್ಚಿಡಲಿ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಕಾರಣ ಏನು, ಆಮೇಲೆ ಏನನ್ನು ಬದಲಾಯಿಸಿದರು ಎಂಬ ಒಂದು ಪುಟವನ್ನು ಪ್ರಕಟಿಸಿದರೆ ಯಾವ ರಹಸ್ಯ ಬಯಲಾಗುತ್ತದೆ? ಕಳೆದ ನವೆಂಬರ್ ಎಂದರೆ 2025ರ ನವೆಂಬರ್ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸಿಯಾಲ್ ತೀರಿಕೊಂಡಾಗ, ವಿಡಿಯೊ ಹರಿದಾಡಿದ ಕೆಲವೇ ಹೊತ್ತಿನಲ್ಲಿ ನಮ್ಮ ಹಾಸ್ಟೆಲ್ ಗ್ರೂಪಿನಲ್ಲಿ ತನಿಖೆ ಮುಗಿದು ತೀರ್ಪೂ ಬಂದಿತ್ತು. ಅಧಿಕೃತ ಮಾತು ಸಿಗದ ಜಾಗವನ್ನು ಹೀಗೇ ಯಾರಾದರೂ ತುಂಬುತ್ತಾರೆ.

ನಗರ ಹೇಗೆ ನೆನಪಿಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಎಚ್‌ಎಎಲ್ ಆಸುಪಾಸಿನಲ್ಲೇ ಇದೆ. ಹೊಸ ತಿಪ್ಪಸಂದ್ರದ ಕಡೆ ಪಿಜಿಯಲ್ಲಿ ಇದ್ದು ಕೆಲಸ ಹುಡುಕಿದವರಿಗೆಲ್ಲ ಸುರಂಜನ್ ದಾಸ್ ರಸ್ತೆ ಗೊತ್ತು. ಡೆಲಿವರಿ ಹುಡುಗರಿಗೆ ವಿಳಾಸ ಹೇಳುವಾಗ ದಿನಕ್ಕೆ ಎಷ್ಟು ಸಲ ಆ ಹೆಸರು ಬಾಯಿಗೆ ಬರುತ್ತದೋ! 1961ರ ಜೂನ್ 17ರಂದು ಭಾರತದಲ್ಲೇ ಅಭಿವೃದ್ಧಿಪಡಿಸಿದ ಮೊದಲ ಜೆಟ್ ಯುದ್ಧ ವಿಮಾನ ಎಚ್‌ಎಫ್-24 ಅನ್ನು ಮೊದಲ ಬಾರಿ ಹಾರಿಸಿದವರು ಅವರು. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅದೇ ವಿಮಾನದ ಇನ್ನೊಂದು ಮಾದರಿಯನ್ನು ಪರೀಕ್ಷಿಸುತ್ತಾ ಸತ್ತವರೂ ಅವರೇ. ರಸ್ತೆಗೆ ಹೆಸರಿಟ್ಟರು, ಒಳ್ಳೆಯದಾಯಿತು. ಹೆಸರು ಉಳಿದಿದೆ, ಮನುಷ್ಯ ಟ್ರಾಫಿಕ್ಕಿನಲ್ಲಿ ಕಳೆದುಹೋಗಿದ್ದಾರೆ.

ಸಾರಸ್ ಕತೆ ಬಿಡದಿಯಲ್ಲಿ ಮುಗಿಯಲಿಲ್ಲ. 2004ರ ಮೇ 29ರಂದು ಮೊದಲ ಬಾರಿ ಹಾರಿದ್ದ ಯೋಜನೆ ಅಪಘಾತದ ನಂತರ ಕುಂಟಿತು, ವರ್ಷಗಟ್ಟಲೆ ಹಣವಿಲ್ಲದೆ ನಿಂತಿತು. ಮತ್ತೆ ಕೈಗೆತ್ತಿಕೊಂಡು ಸುಧಾರಿಸಿದ ವಿಮಾನ 2018ರ ಜನವರಿ 24ರಂದು ಎಚ್‌ಎಎಲ್ ನಿಲ್ದಾಣದಿಂದ ಏರಿತು. ಹಾರಿಸಿದವರು ಮತ್ತೆ ಎಎಸ್‌ಟಿಇಯ ವಾಯುಪಡೆ ಅಧಿಕಾರಿಗಳು, ಮತ್ತೆ ಮೂವರು. ಒಂಬತ್ತು ವರ್ಷಗಳ ಹಿಂದೆ ತಮ್ಮದೇ ಸಂಸ್ಥೆಯ ಮೂವರನ್ನು ಸುಟ್ಟ ವಿಮಾನದ ತಮ್ಮನನ್ನು ಹತ್ತುವಾಗ ಅವರಿಗೆ ಏನನ್ನಿಸಿತೋ. ಈಗ 19 ಆಸನಗಳ ಸಾರಸ್ ಎಂಕೆ2 ರೂಪುಗೊಳ್ಳುತ್ತಿದೆ. ನಾಳೆ ಬೀದರ್‌ಗೋ ಕಲಬುರಗಿಗೋ ಅಂಥದೊಂದು ಚಿಕ್ಕ ವಿಮಾನ ಹಾರುವಂತಾದರೆ, ಎಂಜಿನ್ ಆರಿದರೆ ಏನು ಮಾಡಬೇಕು ಎಂಬ ಅದರ ಕೈಪಿಡಿಯ ಪುಟದ ಹಿಂದೆ 2009ರ ಮಾರ್ಚ್ 6 ಇರುತ್ತದೆ.

ಇದನ್ನು ಓದುತ್ತಿರುವ ನಮ್ಮಲ್ಲಿ ಪರೀಕ್ಷಾ ಪೈಲಟ್ ಆಗುವವರು ಬೆರಳೆಣಿಕೆಯಷ್ಟೂ ಇರಲಾರರು. ಆದರೆ ಕಾಗದದ ಮೇಲೆ ಕ್ರಮ ಬರೆಯುವವರು ಸಾವಿರಾರು ಜನ ಆಗುತ್ತೇವೆ. ಬಾಯ್ಲರ್‌ನದ್ದು, ಲಿಫ್ಟ್‌ನದ್ದು, ಆಸ್ಪತ್ರೆಯ ಯಂತ್ರದ್ದು, ಯಾವುದೋ ಸಾಫ್ಟ್‌ವೇರ್‌ನದ್ದು. ಅದನ್ನು ಪಾಲಿಸುವವರು ಬೇರೆ ಯಾರೋ ಆಗಿರುತ್ತಾರೆ. ಏರೋನಾಟಿಕ್ಸ್, ಮೆಕ್ಯಾನಿಕಲ್ ವಿಭಾಗಗಳಿರುವ ಕಾಲೇಜುಗಳು ಮಾರ್ಚ್ 6ರಂದು ಎರಡು ನಿಮಿಷದ ಮೌನ ಆಚರಿಸುವುದಾದರೆ ಆಚರಿಸಲಿ. ಜತೆಗೆ ಒಂದು ಪೀರಿಯಡ್ ತೆಗೆದಿಟ್ಟು ಡಿಜಿಸಿಎ ತೀರ್ಮಾನವನ್ನು ಓದಿಸಲಿ, ಸಿಬ್ಬಂದಿಯ ಬಗ್ಗೆ ಇರುವ ಕಹಿ ಸಾಲುಗಳನ್ನೂ ಸೇರಿಸಿ. ಉದ್ದವೇನಿಲ್ಲ, ಕೆಲವೇ ಸಾಲು. ಓದಿದ ಮೇಲೆ ವಿದ್ಯಾರ್ಥಿಗಳನ್ನು ಒಂದೇ ಪ್ರಶ್ನೆ ಕೇಳಬಹುದು: ಆ ಕ್ರಮ ಬರೆದ ಮೇಜಿನ ಮುಂದೆ ನೀವಿದ್ದಿದ್ದರೆ, ಪ್ರೊಪೆಲ್ಲರ್ ತಯಾರಿಸಿದವರಿಗೆ ಯಾವ ಯಾವ ಪ್ರಶ್ನೆ ಬರೆದು ಕಳಿಸುತ್ತಿದ್ದಿರಿ?