ಬೆಟ್ಟವೇರುವಾಗ ಇಳಿಸಬೇಕಾದ ಹೊರೆ

ಚಾಮರಾಜನಗರದ ಬಳಿಯ ಹರದನಹಳ್ಳಿಯ ಸೀಮೆಯಲ್ಲಿ ಬೆಟ್ಟವೆಂಬುದು ಜನರ ಬದುಕಿನೊಡನೆ ಬೆರೆತುಹೋಗಿದೆ. ಪೂರ್ವದ ದಿಕ್ಕಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು. ಗುಂಡ್ಲುಪೇಟೆಯ ಕಡೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮಾದಪ್ಪನ ಒಕ್ಕಲಿಗೆ ಮಲೆ ಮಹದೇಶ್ವರ ಬೆಟ್ಟ. ಜಿನಭಕ್ತರಿಗೆ ಮಲೆಯೂರಿನ ಕನಕಗಿರಿ. ಮನೆಯಲ್ಲಿ ಯಾರಾದರೂ ಮನಗುಂದಿ ಕುಳಿತರೆ "ಒಮ್ಮೆ ಬೆಟ್ಟಕ್ಕೆ ಹೋಗಿ ಬಾ, ಮನಸ್ಸು ಹಗುರಾಗುತ್ತದೆ" ಎಂದು ಹಿರಿಯರು ಹೇಳುವುದು ಇಲ್ಲಿ ವಾಡಿಕೆ. ಆ ಮಾತಿನಲ್ಲಿರುವ ಸತ್ಯವೆಷ್ಟು, ಅದರ ಮಿತಿ ಯಾವುದು ಎಂಬುದನ್ನು ಜಿನಾಗಮದ ಬೆಳಕಿನಲ್ಲಿ ವಿಚಾರಿಸುವುದು ಉಚಿತ.

ಕನಕಗಿರಿಯು ಪೂಜ್ಯಪಾದ ಆಚಾರ್ಯರ ತಪೋಭೂಮಿಯೆಂದು ಪರಂಪರೆ ನಂಬುತ್ತದೆ. ದೇವನಂದಿ ಎಂಬ ಹೆಸರೂ ಇದ್ದ ಈ ಮಹಾಮುನಿಗಳು ಜೈನೇಂದ್ರ ವ್ಯಾಕರಣ, ಇಷ್ಟೋಪದೇಶ, ಸಮಾಧಿತಂತ್ರಗಳನ್ನು ರಚಿಸಿದವರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನವನ್ನು ಬರೆದವರು. ಆ ಸೂತ್ರಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ವಿವರಣೆಯಿದೆ. ಧ್ಯಾನವೆಂದರೆ ಶುಭವಾದದ್ದು ಮಾತ್ರವೆಂದು ತಿಳಿದವರಿಗೆ ಅಲ್ಲಿ ಅಚ್ಚರಿ ಕಾದಿದೆ. ದುಃಖವನ್ನೇ ಹಿಡಿದು ಕುಳಿತ ಮನಸ್ಸೂ ಒಂದು ಬಗೆಯ ಧ್ಯಾನದಲ್ಲಿರುತ್ತದೆ. ಅದಕ್ಕೆ ಆರ್ತಧ್ಯಾನವೆಂದು ಹೆಸರು. ಅದು ನಾಲ್ಕು ವಿಧ: ಬೇಡವಾದದ್ದು ಬಂದೊದಗಿತೆಂಬ ಕೊರಗು, ಪ್ರಿಯವಾದದ್ದು ಅಗಲಿತೆಂಬ ಕೊರಗು, ದೇಹದ ವೇದನೆಯ ಚಿಂತೆ, ಮುಂದಿನ ಭೋಗದ ಹಂಬಲ.

ಈ ನಾಲ್ಕರಲ್ಲಿ ಒಂದಾದರೂ ಹೊಕ್ಕಿರದ ಮನೆ ಊರಿನಲ್ಲಿ ಇರಲಾರದು. ಅರಿಸಿನದ ಬೆಲೆ ಕುಸಿದು ಸಾಲ ಉಳಿದ ರೈತ, ಪತಿಯನ್ನು ಕಳೆದುಕೊಂಡು ಇರುಳೆಲ್ಲ ನಿದ್ದೆಯಿಲ್ಲದ ಗೃಹಿಣಿ, ಮಂಡಿನೋವಿನಿಂದ ಹೊಸ್ತಿಲು ದಾಟದ ವೃದ್ಧ, ಬಯಸಿದ ಅಂಕ ಬಾರದೆ ಕೋಣೆಯ ಬಾಗಿಲು ಹಾಕಿಕೊಂಡ ವಿದ್ಯಾರ್ಥಿ - ಇವರೆಲ್ಲರ ಮನಸ್ಸೂ ಗಾಣದ ಎತ್ತಿನಂತೆ ಒಂದೇ ಸುತ್ತನ್ನು ಸುತ್ತುತ್ತಿರುತ್ತದೆ. "ಚಿಂತಿಸಬೇಡ" ಎಂಬ ಉಪದೇಶದಿಂದ ಆ ಎತ್ತು ನಿಲ್ಲುವುದಿಲ್ಲ. ಅದಕ್ಕೆ ಬೇರೊಂದು ದಾರಿಯನ್ನು ತೋರಬೇಕು.

ಬೆಟ್ಟದ ಮೆಟ್ಟಿಲು ಅಂತಹ ಒಂದು ದಾರಿ. ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಇರುವೆಗೂ ನೋವಾಗದಂತೆ, ಹಗಲಿನ ಬೆಳಕಿನಲ್ಲಿ ನಡೆಯಬೇಕೆಂಬುದು ಅದರ ತಾತ್ಪರ್ಯ. ಇದು ಅಹಿಂಸೆಯ ನಿಯಮವಾದರೂ ನಡೆಯುವವನ ಮನಸ್ಸಿಗೂ ಅದರ ಫಲ ದೊರೆಯುತ್ತದೆ. ಕಣ್ಣು ಮುಂದಿನ ಮೆಟ್ಟಿಲಿನ ಮೇಲೆ, ಉಸಿರು ಹೆಜ್ಜೆಯ ಜೊತೆ, ನಾಲಿಗೆಯಲ್ಲಿ ಣಮೋಕಾರ ಮಂತ್ರ ನೆಲೆಸಿದಾಗ ನಿನ್ನೆಯ ನಷ್ಟಕ್ಕೂ ನಾಳೆಯ ಭಯಕ್ಕೂ ಎಡೆ ಕಿರಿದಾಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬರಿಗಾಲಿನಿಂದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ 58 ಅಡಿ ಎತ್ತರದ ಗೊಮ್ಮಟನ ಎದುರು ನಿಂತವರೆಲ್ಲರೂ ಈ ನಿರಾಳವನ್ನು ಬಲ್ಲರು. ವೈದ್ಯಶಾಸ್ತ್ರವೂ ಇದನ್ನು ಅನುಮೋದಿಸುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೇಹಶ್ರಮ ಮಾಡಬೇಕೆಂದೂ, ಅದರಿಂದ ಖಿನ್ನತೆ ಹಾಗೂ ಆತಂಕದ ಲಕ್ಷಣಗಳು ತಗ್ಗುತ್ತವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಆದರೆ ಹತ್ತುವ ಬಗೆಯಲ್ಲಿ ಎಚ್ಚರವಿರಬೇಕು. ವಿಂಧ್ಯಗಿರಿಯ ಎದುರಿಗಿರುವ ಚಂದ್ರಗಿರಿಗೆ ಆ ಹೆಸರು ಬಂದದ್ದು ಚಂದ್ರಗುಪ್ತ ಮೌರ್ಯನಿಂದ ಎಂದು ಪ್ರತೀತಿ. ವಿಶಾಲ ಸಾಮ್ರಾಜ್ಯವನ್ನು ಕೆಳಗೆ ಬಿಟ್ಟು, ಗುರು ಭದ್ರಬಾಹುಗಳ ಹಿಂದೆ ಬರಿಗೈಯಲ್ಲಿ ನಡೆದು ಬಂದವನು ಅವನು. ಇಂದು ಬೆಟ್ಟಕ್ಕೆ ಬರುವವರಲ್ಲಿ ಹಲವರು ಕೆಳಗೆ ಏನನ್ನೂ ಬಿಡುವುದಿಲ್ಲ. ಮೊಬೈಲ್ ಕೈಯಲ್ಲಿದೆ, ಜಗಳ ಬಾಯಲ್ಲಿದೆ, ಎಷ್ಟು ನಿಮಿಷದಲ್ಲಿ ಹತ್ತಿದೆನೆಂಬ ಹೆಮ್ಮೆ ಎದೆಯಲ್ಲಿದೆ. ಹೀಗೆ ಹತ್ತಿದರೆ ಕಾಲಿಗೆ ಆಯಾಸವೇ ಹೊರತು ಮನಸ್ಸಿಗೆ ವಿಶ್ರಾಂತಿಯಿಲ್ಲ. ಪರಿಗ್ರಹವೆಂದರೆ ಹೊನ್ನು ಮಣ್ಣುಗಳಷ್ಟೇ ಎಂದು ತಿಳಿಯಬಾರದು. ಹಳೆಯ ದ್ವೇಷ, ಹಳೆಯ ಅವಮಾನಗಳೂ ಪರಿಗ್ರಹಗಳೇ. ಮೊದಲ ಮೆಟ್ಟಿಲಿನಲ್ಲಿ ಪಾದರಕ್ಷೆಯ ಜೊತೆಗೆ ಅವುಗಳಲ್ಲಿ ಒಂದನ್ನಾದರೂ ಬಿಡುವ ಸಂಕಲ್ಪ ಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಮನಸ್ಸಿನ ದುಗುಡ ಬೇರೆ, ಮನಸ್ಸಿನ ಕಾಯಿಲೆ ಬೇರೆ. ವಾರಗಟ್ಟಲೆ ನಿದ್ದೆ ಊಟ ಸೇರದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನ್ನುವವರನ್ನು ಬೆಟ್ಟಕ್ಕೆ ಕರೆದೊಯ್ದು ಕೈತೊಳೆದುಕೊಳ್ಳುವುದು ಧರ್ಮವಲ್ಲ. "ಅಸಾತಾವೇದನೀಯ ಕರ್ಮದ ಉದಯ, ಅನುಭವಿಸಿಯೇ ತೀರಬೇಕು" ಎಂದು ಕೆಲವರು ಚಿಕಿತ್ಸೆಯನ್ನು ತಡೆಯುತ್ತಾರೆ. "ಹುಚ್ಚೆಂದು ಊರು ಆಡಿಕೊಂಡೀತು" ಎಂದು ಕೆಲವರು ಮುಚ್ಚಿಡುತ್ತಾರೆ. ಆಹಾರ, ಅಭಯ, ಶಾಸ್ತ್ರಗಳ ಜೊತೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಎಣಿಸಿದ ಧರ್ಮ ನಮ್ಮದು. ಕರ್ಮದ ಉದಯವೆಂದು ಮದ್ದನ್ನು ನಿರಾಕರಿಸುವುದಾದರೆ ಔಷಧದಾನಕ್ಕೆ ಅರ್ಥವೇನು? ಜ್ವರಕ್ಕೆ ಮದ್ದು ಕೊಡುವವರು ಖಿನ್ನತೆಗೂ ಕೊಡಿಸಬೇಕು. ಹತಾಶೆಯಿಂದ ಪ್ರಾಣ ಕಳೆದುಕೊಳ್ಳುವುದನ್ನು ಜಿನಶಾಸನ ಎಂದೂ ಒಪ್ಪಿಲ್ಲ. ಅಂತಹ ಜೀವವನ್ನು ಕೈಹಿಡಿದು ನಿಲ್ಲಿಸುವುದೇ ಅಭಯದಾನ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು. ಇದನ್ನು ಪ್ರತಿ ಬಸದಿಯ ಫಲಕದಲ್ಲಿ ಬರೆದಿಡುವುದು ಯೋಗ್ಯ.

ಚಿಕಿತ್ಸೆ ಪಡೆಯುವವರಿಗೂ ವೈದ್ಯರ ಅನುಮತಿಯಿದ್ದರೆ ಬೆಟ್ಟ ಒಳ್ಳೆಯ ಜೊತೆಗಾರ. ಹೃದ್ರೋಗಿಗಳೂ ಮಂಡಿನೋವಿನವರೂ ಹಟ ಮಾಡಬಾರದು. ತಪ್ಪಲಲ್ಲಿ ಕುಳಿತು ಶಿಖರವನ್ನು ನೋಡಿ ಕೈಮುಗಿದರೂ ಭಾವಕ್ಕೆ ಕೊರತೆಯಿಲ್ಲ. ಮನಗುಂದಿದವರನ್ನು ಒಂಟಿಯಾಗಿ ಕಳುಹಿಸದೆ ಮನೆಯವರೊಬ್ಬರು ಜೊತೆಗೆ ಹೋಗಬೇಕು. ದಾರಿಯಲ್ಲಿ ಉಪದೇಶ ಬೇಡ. ಅವರು ನಿಂತಲ್ಲಿ ನಿಂತು, ಮಾತನಾಡಿದರೆ ಕೇಳಿದರೆ ಸಾಕು.

ಬೆಟ್ಟ ಹತ್ತಿದವರೆಲ್ಲರೂ ಇಳಿಯಲೇಬೇಕು. ಕೆಳಗೆ ಅದೇ ಮನೆ, ಅದೇ ಸಾಲ, ಅದೇ ಅಗಲಿಕೆ ಕಾದಿರುತ್ತದೆ. ಆದರೆ ಮುಂದಿನ ನಾಲ್ಕು ಮೊಳವನ್ನು ಮಾತ್ರ ನೋಡಿ ಹೆಜ್ಜೆಯಿಡುವ ಅಭ್ಯಾಸವೊಂದು ಜೊತೆಗೆ ಇಳಿದು ಬಂದಿದ್ದರೆ, ಅಂದಿನ ಯಾತ್ರೆ ಸಾರ್ಥಕ.