ಮಾಡಿ ಕಲಿಯೋರು ಯಾರು, ಬರೀ ಮಾಡ್ತಾ ಇರೋರು ಯಾರು?



ಈಗ ಎಲ್ಲಿ ನೋಡಿದ್ರೂ '21ನೇ ಶತಮಾನದ ಕೌಶಲ', 'ಜಾಗತಿಕ ಪ್ರಜೆ', 'ಚಟುವಟಿಕೆ ಆಧಾರಿತ ಕಲಿಕೆ' ಅನ್ನೋ ಮಾತು. ಮಕ್ಕಳು ಕಂಠಪಾಠ ಮಾಡಬಾರದಂತೆ, ಮಾಡಿ ಕಲಿಯಬೇಕಂತೆ. ಒಳ್ಳೇದೇ. ಕಂಠಪಾಠವೇ ವಿದ್ಯೆ ಅಂತ ಮೆರೆಸಿ, ಅದನ್ನ ಕಿವಿಯಲ್ಲಿ ಕೇಳೋಕೂ ನಮ್ಮನ್ನ ಬಿಡದವರು ಯಾರು ಅಂತ ಎಲ್ಲರಿಗೂ ಗೊತ್ತು. ಅದು ಹೋದರೆ ನಾವೇನೂ ಅಳೋದಿಲ್ಲ.

ಆದರೆ ಭಾಷಣ ಮಾಡೋ ಸಾಹೇಬ್ರು ಒಂದು ವಿಷಯ ಹೇಳಲ್ಲ. 'ಮಾಡಿ ಕಲಿ' ಅನ್ನೋ ವಿಚಾರಕ್ಕೆ ದೊಡ್ಡ ಹೆಸರು ಅಮೆರಿಕದ ಜಾನ್ ಡ್ಯೂಯಿ. ಆ ಡ್ಯೂಯಿ ಪಾಠ ಕೇಳಿದ ವಿದ್ಯಾರ್ಥಿ ನಮ್ಮ ಬಾಬಾಸಾಹೇಬರು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅದಕ್ಕೆ ಮುಂಚೆ ಸಾತಾರಾ ಶಾಲೆಯಲ್ಲಿ ಅವರು ಕೂತಿದ್ದು ಮನೆಯಿಂದ ಹೊತ್ತು ತಂದ ಗೋಣಿತಟ್ಟಿನ ಮೇಲೆ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಬರದಿದ್ದರೆ ಬಾಯಾರಿಕೆ. ಅವರ ಛಲ ಅವರದು. ಜೊತೆಗೆ ಇಂಗ್ಲಿಷ್ ಇತ್ತು, ವಿದ್ಯಾರ್ಥಿವೇತನ ಇತ್ತು, ಕೊನೆಗೆ ಎಲ್ಲರ ಸಮಕ್ಕೆ ಕೂರಿಸಿದ ಒಂದು ತರಗತಿ ಸಿಕ್ಕಿತು. ಇದರಲ್ಲಿ ಇವತ್ತು ನಮ್ಮ ಕೇರಿಯ ಮಗುವಿಗೆ ಯಾವುದು ಸಿಗ್ತಿದೆ, ಹೇಳಿ?

2023ರ ಡಿಸೆಂಬರ್ ನೆನಪಿದೆಯಾ? ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿ ಸ್ವಚ್ಛ ಮಾಡೋಕೆ ಇಳಿಸಿದರು. ಮಲ ಹೊರುವ ಪದ್ಧತಿ ನಿಷೇಧಿಸಿ 2013ರಲ್ಲೇ ಎರಡನೇ ಕಾನೂನು ಬಂದಿತ್ತು. ವಿಡಿಯೊ ಹೊರಗೆ ಬಂದ ಮೇಲೆ ಅಮಾನತು, ಬಂಧನ ಎಲ್ಲ ಆಯ್ತು. ವಿಡಿಯೊ ಇಲ್ಲದಿದ್ದರೆ? ನಮ್ಮ ಮಕ್ಕಳ 'ಚಟುವಟಿಕೆ ಆಧಾರಿತ ಕಲಿಕೆ' ಇದೇನಾ ಸ್ವಾಮಿ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಓದಿ. 6ರಿಂದ 8ನೇ ತರಗತಿ ಮಕ್ಕಳು 10 ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ಮಾಲಿ, ಕುಂಬಾರರ ಹತ್ತಿರ ಕೆಲಸ ಕಲಿಯಬೇಕಂತೆ. ಇಂಟರ್‌ನ್ಯಾಷನಲ್ ಸ್ಕೂಲಿನ ಮಗುವಿಗೆ ಅದು ಪಿಕ್‌ನಿಕ್. ಮಣ್ಣು ಮೆತ್ತಿಕೊಂಡು ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತೆ. ಕುಂಬಾರನ ಮಗ, ಪೌರಕಾರ್ಮಿಕರ ಮಗಳು ಯಾರ ಹತ್ತಿರ ಹೋಗಬೇಕು? ಅಪ್ಪನ ಹತ್ತಿರಾನಾ? ನಮಗೆ ಬೇಕಿರೋದು ಆ ಕೆಲಸದಿಂದ ರಜೆ.

ಇನ್ನು ಇಂಗ್ಲಿಷ್. 2019ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡ್ತೀವಿ ಅಂದಾಗ ಎಷ್ಟೊಂದು ಜನ ಸಾಹಿತಿಗಳು ಕನ್ನಡ ಸತ್ತೇ ಹೋಯ್ತು ಅಂತ ಬೀದಿಗಿಳಿದರು. ನಾನೂ ಕನ್ನಡ ಮಾಧ್ಯಮದಲ್ಲೇ ಬಿಎ ಮಾಡಿದವನು, ಈ ಬರಹವೂ ಕನ್ನಡದ್ದೇ. ಆದರೆ ಕನ್ನಡ ಉಳಿಸೋ ಗುತ್ತಿಗೆ ಬರೀ ನಮ್ಮ ಮಕ್ಕಳಿಗೆ ಯಾಕೆ? ನಿಮ್ಮ ಮೊಮ್ಮಕ್ಕಳು ಯಾವ ಮಾಧ್ಯಮದಲ್ಲಿ ಓದ್ತಿದಾರೆ ಅಂತ ಒಂದು ಸಲ ಬಹಿರಂಗವಾಗಿ ಹೇಳಿಬಿಡಿ. ಅದೇ ವರ್ಷ ಆರ್‌ಟಿಇ ನಿಯಮ ಬದಲಾಯಿಸಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಬಡವರಿಗೆ ಉಚಿತ ಸೀಟಿಲ್ಲ ಅಂದರಲ್ಲ, ಆಗ ಯಾವ ಸಾಹಿತಿ ಬೀದಿಗೆ ಬಂದ?

ಸ್ಮಾರ್ಟ್ ಕ್ಲಾಸ್ ಕೊಡಿ, ಬೇಡ ಅನ್ನಲ್ಲ. ಮೊದಲು ಮೇಷ್ಟ್ರನ್ನ ಕೊಡಿ. ಒಬ್ಬರೇ ಮೂರು ತರಗತಿ ನೋಡಿಕೊಳ್ಳೋ ಕಡೆ, ಅತಿಥಿ ಶಿಕ್ಷಕರು ಸಂಬಳಕ್ಕೆ ತಿಂಗಳುಗಟ್ಟಲೆ ಕಾಯೋ ಕಡೆ, ಗೋಡೆಗೆ ನೇತುಹಾಕಿದ ಟಿವಿ ಏನು ಪಾಠ ಮಾಡುತ್ತೆ?

ಅಕ್ಕಂದಿರೇ, ಅಣ್ಣಂದಿರೇ, ಈ ಸಲ ಎಸ್‌ಡಿಎಂಸಿ ಸಭೆ ತಪ್ಪಿಸಬೇಡಿ. ಶೌಚಾಲಯ ತೊಳೆಯೋದು ಯಾರು, ಇಂಗ್ಲಿಷ್ ಮೇಷ್ಟ್ರು ಯಾವಾಗ ಬರ್ತಾರೆ, ಕೇಳಿ. ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಅರ್ಜಿ ಬರೆಯೋಕೆ ಕಷ್ಟ ಆದರೆ ನನಗೆ ಹೇಳಿ, ಬರೆದುಕೊಡ್ತೀನಿ. ಗುಮಾಸ್ತ ನಾನು, ದಿನಾ ಅದೇ ಕೆಲಸ.